ಕುಣಿಮಗ್ಗದ ಮನೆಯ ಮೀನಿನ ಪೆಟ್ಟಿಗೆ

ಕೂಲರ್ ತೊಳೆಯಲೆಂದು ಮೊನ್ನೆ ಅದರ ಪುಟ್ಟ ಪಂಪನ್ನು ಕೈಗೆ ತೆಗೆದುಕೊಂಡೆ. ಪಾಚಿಗಟ್ಟಿದ ನೀರಿನ ಹಸಿ ವಾಸನೆ. ಅದರ ಹಿಂದೆಯೇ ಇಳಕಲ್ಲಿನ ನಮ್ಮ ಪಕ್ಕದ ಮನೆ ಬಂತು, ಆ ಮನೆಯ ಮೋಟರ್ ಮಾಮಾ ಬಂದರು...

ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವುದು ಅವರ ಕೆಲಸ. ಮುಂದಿನ ಕೋಣೆಯಲ್ಲಿ ಒಂದು ಕಡೆ ಅವರ ಅವ್ವನ ಕುಣಿಮಗ್ಗ; ನೆಲದಲ್ಲಿ ತೋಡಿದ ತಗ್ಗಿಗೆ ಕಾಲು ಇಳಿಬಿಟ್ಟು ಕೂತು ಸೀರೆ ನೇಯುವಂಥದ್ದು. ಇನ್ನೊಂದು ಕಡೆ ಮಾಮಾರ ಮೀನಿನ ಪೆಟ್ಟಿಗೆ. ಮೂರು ಮಗ್ಗಲು ಗಾಜು, ಹಿಂದಿನದು ತಗಡು. ಕೆಳಗಿನ ಬಾನಿಯಲ್ಲಿ ಉಸುಕು, ಇದ್ದಿಲು. ಅಲ್ಲಿ ಸೋಸಿದ ನೀರನ್ನು ಪಂಪು ಮೇಲೆತ್ತುತ್ತಿತ್ತು, ಹೆಚ್ಚಾದದ್ದು ತಗಡಿನ ತೂತಿಗೆ ಕೂರಿಸಿದ ಕೊಳವೆಯಿಂದ ಮತ್ತೆ ಬಾನಿಗೆ ಬೀಳುತ್ತಿತ್ತು. ಎಂಬತ್ತರ ಆಸುಪಾಸಿನಲ್ಲಿ ನಮ್ಮ ಓಣಿಯವರು ಅಂಥದ್ದನ್ನು ಕಂಡವರಲ್ಲ. ಬಾಗಲಕೋಟೆಯ ಕಾನ್ವೆಂಟಿನಿಂದ ರಜೆಗೆ ಬಂದರೆ ನಾನು ಸದಾ ಅಲ್ಲೇ.

ಒಂದು ಬೇಸಿಗೆ ಆ ಪೆಟ್ಟಿಗೆಯ ಸಣ್ಣ ಪಂಪು ಸುಟ್ಟಿತ್ತು. ಸದ್ಯಕ್ಕಿರಲಿ ಎಂದು ಮಾಮಾ ದೊಡ್ಡದೊಂದನ್ನು ಹಚ್ಚಿ, ಅದರ ನಲ್ಲಿಯನ್ನು ಅರ್ಧ ಮುಚ್ಚಿಟ್ಟಿದ್ದರು. ಬಿಸಿಲಿಗೆ ಮೀನುಗಳು ಮಂಕಾಗಿವೆ ಅನ್ನಿಸಿ, ಇನ್ನಷ್ಟು ನೀರು ಬರಲೆಂದು ನಾನು ಅದನ್ನು ಪೂರ್ತಿ ತಿರುವಿ ಊಟಕ್ಕೆ ಹೋದೆ.

ಬರುವಷ್ಟರಲ್ಲಿ ಪೆಟ್ಟಿಗೆಯ ಅಂಚು ಮೀರಿದ ನೀರು ಮಗ್ಗದ ತಗ್ಗಿನಲ್ಲಿ ನಿಂತಿತ್ತು.

“ಏನಪಾ, ನಿನ್ನ ಮೀನಿಗೆ ಆ ಪೆಟಗಿ ಸಾಲವಲ್ದೇನು? ನನ್ನ ಕುಣ್ಯಾಗೂ ಈಜಾಕ ಬಿಟ್ಟಿ?” ಎಂದು ಅವ್ವ ಮಗನನ್ನು ಹಂಗಿಸಿದರು. ಮರುಕ್ಷಣ ದನಿ ಗಟ್ಟಿಯಾಯಿತು. “ರೇಷ್ಮಿ ತೋಯ್ದಿದ್ರ ಏನ್ ಗತಿ? ಇನ್ನೊಮ್ಮಿ ಒಂದ್ ಹನಿ ಬರ್ಲಿ, ಪೆಟಗಿ ಮನಿ ಹೊರಗ.”

“ನಾ ತಿರುವಿದ್ದು, ಮಾಮಾ...” ಎನ್ನುತ್ತ ಅತ್ತುಬಿಟ್ಟೆ.

“ನಲ್ಲಿ ಅಂದಮ್ಯಾಲ ಯಾರರೇ ತಿರುವೋರನ. ಪೂರ್ತಿ ತಿರುವಿದ್ರೂ ಚೆಲ್ಲಬಾರ್ದು, ಹಂಗ ಮಾಡಬೇಕಿತ್ತು ನಾ. ತಪ್ಪು ನಂದು, ತಂಗಿ. ಹೋಗು, ಕೊಡ ತಗೊಂಬಾ.”

ಮಾಮಾ ಕೈಗಡಿಯಾರ ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ಪಂಪಿನ ನೀರಿಗೆ ಕೊಡ ತುಂಬಲು ಎಷ್ಟು ಹೊತ್ತು, ಕೊಳವೆಯ ನೀರಿಗೆ ಎಷ್ಟು ಹೊತ್ತು? ಕೊಳವೆಗೆ ಹೆಚ್ಚುಕಡಿಮೆ ಎರಡು ಪಟ್ಟು ಬೇಕಾಯಿತು; ಅಂದರೆ ಪಂಪು ತರುವುದರಲ್ಲಿ ಅರ್ಧವನ್ನಷ್ಟೇ ಅದು ಹೊರಗೆ ಬಿಡುತ್ತಿತ್ತು. ಒಂದು ನಲ್ಲಿ ತುಂಬುವ, ಇನ್ನೊಂದು ಬರಿದು ಮಾಡುವ ತೊಟ್ಟಿಯ ಲೆಕ್ಕಗಳನ್ನು ಕಾನ್ವೆಂಟಿನ ಸಿಸ್ಟರ್ ಮುಂದೆ ಎಷ್ಟು ಬಿಡಿಸಿದ್ದೆನೋ. ಅದರಲ್ಲಿದ್ದದ್ದು ಖರೆ ನೀರು ಎಂದು ತಿಳಿದದ್ದು ಆವತ್ತು.

ಎರಡು ದಿನ ಮಾಮಾ ಕೂತು ಸಣ್ಣ ಪಂಪಿಗೆ ತಂತಿ ಸುತ್ತಿ, ದೊಡ್ಡದನ್ನು ತೆಗೆದು ಅದನ್ನೇ ಹಚ್ಚಿದರು. ತಗಡಿನ ತೂತು ದೊಡ್ಡದು ಮಾಡಿ, ದಪ್ಪ ಕೊಳವೆ ಕೂರಿಸಿ ಬೆಸುಗೆ ಹಾಕಿದರು. ಬೆರಳಿನ ಸುಟ್ಟ ಗಾಯಕ್ಕೆ ಅವ್ವ ಕೊಬ್ಬರಿ ಎಣ್ಣೆ ಸವರಿದ್ದು ನೆನಪಿದೆ.

ಮೂರನೆಯ ದಿನ, “ಅವ್ವಾ, ಮಗ್ಗಕ್ಕ ಕೂಡು,” ಎಂದರು.

“ಕಾಲು ತೋಯ್ದ್ರ?”

“ತೋಯ್ದ್ರ ಪೆಟಗಿ ನಾನ ಹೊತ್ತು ಹೊರಗ ಇಡ್ತೇನಿ.”

ಅವ್ವ ಕೂತರು. ಮಾಮಾ ಪೆಟ್ಟಿಗೆಯಲ್ಲಿ ಬೆಳೆದಿದ್ದ ಒಂದಿಷ್ಟು ನೀರುಬಳ್ಳಿ ತೆಗೆದು, ಕೊಳವೆಯ ಬಾಯಿಗೆ ಅರ್ಧ ಅಡ್ಡವಾಗುವಂತೆ ಸಿಕ್ಕಿಸಿದರು. “ಕಸಾ ಸಿಕ್ಕ ದಿನಾನೂ ಲೆಕ್ಕಕ್ಕ ಹಿಡೀಬೇಕಲ್ಲ,” ಎಂದು ನನ್ನ ಕಡೆ ತಿರುಗಿದರು. “ತಿರುವು, ತಂಗಿ. ಪೂರ್ತಿ.”

ನನ್ನ ಕೈಯಿಂದಲೇ! ತಿರುವಿದೆ. ನೀರು ಏರಿತು... ಇನ್ನೂ ಏರಿತು... ಅಂಚಿಗೆ ಒಂದು ಬೆರಳು ಇದೆ ಎನ್ನುವಾಗ ನಿಂತಿತು. ಕೊಳವೆ ಗುಳುಗುಳು ಅನ್ನುತ್ತ ನುಂಗುತ್ತಲೇ ಇತ್ತು. ಅವ್ವನ ಲಾಳಿಯ ಸದ್ದು ಯಾವಾಗಲೋ ನಿಂತಿತ್ತು. ತಗ್ಗಿನಲ್ಲಿ ಕಾಲ್ಬೆರಳು ಆಡಿಸಿ ನೋಡಿ, “ಒಣಗೇ ಐತಿ,” ಎಂದರು. “ಇರ್ಲಿ ಬಿಡು ನಿನ್ನ ಸಂಸಾರ. ಹೆಣ್ಣು ನೋಡು ಅಂದ್ರ ಮೀನ ತಂದಿ.”

ಮಾಮಾ ನಕ್ಕರು. ಗಡಿಯಾರ ಮಾತ್ರ ಸಂಜೆಯವರೆಗೆ ನನ್ನ ಕೈಯಲ್ಲೇ ಬಿಟ್ಟರು.

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಭಾಳ ತಡವಾಗಿ. ನಾನು ಮದುವೆಯಾಗಿ ಈ ಊರಿಗೆ ಬಂದಾಗಿತ್ತು. ಆ ಕೋಣೆಯಲ್ಲಿ ಈಗ ಮಗ್ಗವೂ ಇಲ್ಲವಂತೆ...

ಮೊನ್ನೆ ತೊಳೆಯುವಾಗ ಕೂಲರಿನ ಹಳೆಯ ಪಂಪು ಕೆಟ್ಟದ್ದು ಗೊತ್ತಾಯಿತು. ಹೊಸದಕ್ಕೆ ಹೋದರೆ ಅಂಗಡಿಯವನು, “ದೊಡ್ಡ ಪಂಪ್ ಒಯ್ರಿ ಅಕ್ಕಾರ, ಚಲೋ ತಂಪ ಆಕೈತಿ,” ಎಂದ. ಸಣ್ಣದನ್ನೇ ತಂದೆ. ಹಚ್ಚಿ, ನಲ್ಲಿ ಪೂರ್ತಿ ಬಿಟ್ಟು, ಕೂಲರಿನ ಮುಂದೆ ಬರಿಗಾಲಲ್ಲಿ ನಿಂತೆ. ಬಹಳ ಹೊತ್ತು ನಿಂತೆ. ನೆಲ ಒಣಗೇ ಇತ್ತು. ಇದನ್ನು ಕೇಳಿ ಹಿಗ್ಗುವವರು ಒಬ್ಬರೇ ಇದ್ದರು.