ಕೆರೆಯಲ್ಲಿ ತೇಲಿಹೋದ ತೊಟ್ಟಿಲು

ನಾನು ಚಿಕ್ಕವನಿದ್ದಾಗ ಕಡಿದ ಮರವನ್ನು ನೇರವಾಗಿ ಬಡಗಿಯ ಕೈಗೆ ಕೊಡುತ್ತಿರಲಿಲ್ಲ. ಮೊದಲು ಕೆರೆಗೆ ಕಳಿಸುತ್ತಿದ್ದರು. ದಿಮ್ಮಿಯ ಮೇಲೆ ಕಲ್ಲು ಹೇರಿ, ಹಗ್ಗ ಬಿಗಿದು, ಕೆಸರಿನಲ್ಲಿ ತಿಂಗಳುಗಟ್ಟಲೆ ಮುಳುಗಿಸಿಡುತ್ತಿದ್ದರು. ಮರದೊಳಗಿನ ಸಿಹಿ ರಸ ನೀರಿಗೆ ಇಳಿದುಹೋದರೆ ಆಮೇಲೆ ಹುಳು ಹತ್ತುವುದಿಲ್ಲ ಎನ್ನುತ್ತಿದ್ದರು ಅಪ್ಪ.

ಮುಳಬಾಗಿಲು ಕಡೆ, ತಾಯಲೂರಿನ ಹತ್ತಿರ ನಮ್ಮ ಊರು. ನಮ್ಮ ಮನೆಯ ಬಾಗಿಲು ಬೇವಿನದು, ನೇಗಿಲು ಜಾಲಿಯದು. ಆದರೆ ತೊಟ್ಟಿಲು ಮಾತ್ರ ಹಾಲು ಸುರಿಯುವ ಮರದ್ದೇ ಆಗಬೇಕಿತ್ತು, ಅಂದರೆ ಹಲಸಿನದು. ಬೇವಿನಲ್ಲಿ ಮಾಡಿದರೆ ಹಲ್ಲು ಬರುವ ಮಗು ಕಚ್ಚಿ ಮುಖ ಹಿಂಡುತ್ತದೆ. ನೀಲಗಿರಿ ಬಿಸಿಲಿಗೆ ಸೀಳುತ್ತದೆ. ಅಕ್ಕ ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಳು. ತೊಟ್ಟಿಲು ತವರಿನಿಂದಲೇ ಹೋಗಬೇಕು. ಗಾಳಿಗೆ ಬಿದ್ದ ನಮ್ಮ ಹಿತ್ತಲ ಹಲಸಿನ ದಿಮ್ಮಿ ಅದಕ್ಕಾಗಿಯೇ ಕೆರೆಯಲ್ಲಿ ಮಲಗಿತ್ತು.

ಮಳೆ ಬಂದು ನಿಂತ ಮಾರನೆಯ ಬೆಳಿಗ್ಗೆ ಅಪ್ಪ ಅದನ್ನು ತರಲು ಹೊರಟರು. ನಾನೂ ಹಿಂದೆ ಹೋದೆ. ಹೊಸ ನೀರಿನ ಮಣ್ಣು ವಾಸನೆ, ಏರಿಯ ಮೇಲೆ ಕಾಲಿಗೆ ಮೆತ್ತುವ ಕೆಂಪು ಕೆಸರು. ಅಪ್ಪ ಎದೆಯುದ್ದ ನೀರಿಗಿಳಿದು ಗಳದಿಂದ ಚುಚ್ಚಿ ಚುಚ್ಚಿ ನೋಡಿದರು. ಕಲ್ಲುಗಳು ಸಿಕ್ಕವು, ದಿಮ್ಮಿ ಸಿಗಲಿಲ್ಲ.

ಏರಿಯ ಮೇಲೆ ಕುರಿ ಕಾಯುವ ತಾತ ನಿಂತಿದ್ದ. ನಮ್ಮ ಬೀದಿಯವನೇ. ಅವನ ದೊಡ್ಡಿಗೆ ಆ ವಾರವಷ್ಟೇ ಹೊಸ ಗೂಟ ಬಿದ್ದಿದ್ದವು.

"ಏನ್ ತಾತ, ನಿನ್ ದೊಡ್ಡಿಗೆ ನನ್ ದಿಮ್ಮೀನೇ ಬೇಕಾಗಿತ್ತಾ?" ಎಂದರು ಅಪ್ಪ.

ತಾತ ಮೊದಲು ತಮಾಷೆಯೆಂದುಕೊಂಡ. "ಹಲಸಿನ ಗೂಟ ನೆಡೋಕೆ ನನ್ ಕುರಿಗಳೇನು ಮೈಸೂರು ಅರಮನೇವಾ? ಅವಕ್ಕೆ ಜಾಲಿ ಸಾಕು ಕಣಪ್ಪಾ" ಎಂದು ನಕ್ಕ. ಅಪ್ಪ ನಗಲಿಲ್ಲ. ತಾತನ ಮುಖ ಸಣ್ಣದಾಯಿತು. ಕುರಿಗಳನ್ನು ಹೊಡೆದುಕೊಂಡು ಹೊರಟುಹೋದ.

ಮಕ್ಕಳೇ, ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದ್ದಾಗ ಆ ಕಲ್ಲುಗಳಿಗೆ ಸುತ್ತಿದ್ದ ಕತ್ತಾಳೆ ಹಗ್ಗವನ್ನು ಬಿಚ್ಚಿ ಒಯ್ದವನು ನಾನು. ಮಾವಿನ ತೋಪಿನಲ್ಲಿ ಉಯ್ಯಾಲೆ ಕಟ್ಟಲು ಹಗ್ಗ ಬೇಕಿತ್ತು. ಮಳೆನೀರು ಬಂದ ದಿನ ಕಟ್ಟು ಸಡಿಲಿದ ದಿಮ್ಮಿ ಮೇಲೆದ್ದು, ಎಮ್ಮೆಯ ಬೆನ್ನಿನಂತೆ ತೇಲುತ್ತ ಕೋಡಿಯ ಕಡೆಯ ಜೊಂಡಿನೊಳಗೆ ಹೋಗಿದ್ದನ್ನು ನೋಡಿದವನೂ ನಾನೇ. ಹೆದರಿ ಮನೆಗೆ ಓಡಿದ್ದೆ.

ಮಧ್ಯಾಹ್ನ ಅಕ್ಕ ಜಗುಲಿಯಲ್ಲಿ ಕೂತು ಹಳೆಯ ಸೀರೆಯಲ್ಲಿ ಮಗುವಿನ ಕೌದಿ ಹೊಲಿಯುತ್ತಿದ್ದಳು. "ಹೋಗ್ಲಿ ಬಿಡಪ್ಪಾ, ಮಾವಿನ ಹಲಗೇಲೇ ಮಾಡ್ಸು" ಎಂದಳು, ತಲೆ ಎತ್ತದೆ. ಮಾವಿಗೆ ಬೇಗ ಹುಳು ಬೀಳುತ್ತದೆ, ಮಲಗಿದ ಮಗುವಿನ ಕಣ್ಣಿಗೆ ಪುಡಿ ಉದುರುತ್ತದೆ ಎಂಬುದು ಅವಳಿಗೂ ಗೊತ್ತಿತ್ತು. ಅಪ್ಪ ಮುದ್ದೆ ಮುರಿದವರು ಬಾಯಿಗಿಡಲಿಲ್ಲ. "ಅಷ್ಟು ವರ್ಷದ ಮನುಷ್ಯ, ಹಿಂಗ್ ಮಾಡ್ಬಿಟ್ನಲ್ಲಾ" ಎಂದರು.

ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ. ಅಳುತ್ತಲೇ ಎಲ್ಲ ಹೇಳಿಬಿಟ್ಟೆ.

ಏಟು ಬೀಳುತ್ತದೆಂದು ಕಣ್ಣು ಮುಚ್ಚಿದ್ದೆ. ಬಿದ್ದದ್ದು ಮಾತು. "ಅಕ್ಕನ್ ಮಗೂಗೆ ತೊಟ್ಲು ಇಲ್ದಂಗ್ ಮಾಡಿ ನೀನು ಉಯ್ಯಾಲೆ ಆಡಿದ್ಯೇನ್ಲಾ?" ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಅಪ್ಪ ನಗಲಿಲ್ಲ. ಕೈ ತೊಳೆದು, ನನ್ನ ತೋಳು ಹಿಡಿದು, ಕೆರೆಗಲ್ಲ, ಮೊದಲು ತಾತನ ದೊಡ್ಡಿಗೆ ಕರೆದುಕೊಂಡು ಹೋದರು.

"ತಪ್ಪು ನಂದು ತಾತ. ಬಾಯಿಗೆ ಬಂದಂಗೆ ಅಂದ್ಬಿಟ್ಟೆ" ಎಂದರು. ನಾನು ಹೇಳಬೇಕಾದ್ದನ್ನು ನಾನೂ ಹೇಳಿದೆ. ತಾತ ಕಿವಿ ಸವರುತ್ತಿದ್ದ ಕುರಿಮರಿಯನ್ನು ಕೆಳಗೆ ಬಿಟ್ಟು ಎದ್ದ. "ಪೋನೀಲೇ, ಹೋಗ್ಲಿ ಬಿಡು. ಹೆಗಲು ಬೇಕಾದ್ರೆ ಬರ್ತೀನಿ ನಡಿ. ಹಗ್ಗ ಎಲ್ಲೈತೋ, ಕಳ್ಳ?" ಎಂದ.

ತೋಪಿಗೆ ಓಡಿ ನನ್ನ ಉಯ್ಯಾಲೆಯನ್ನು ನಾನೇ ಬಿಚ್ಚಿ ತಂದೆ. ಜೊಂಡಿನೊಳಗೆ ದಿಮ್ಮಿ ಕಪ್ಪಗೆ ಅರ್ಧ ಹೂತುಕೊಂಡಿತ್ತು. ಅದೇ ಹಗ್ಗ ಕಟ್ಟಿ ಎಳೆದರು. ಬುರುಕ್ಕೆಂದು ಕೆಸರು ಬಿಟ್ಟುಕೊಟ್ಟಿತು. ಅಪ್ಪ ಕೊಡಲಿಯಿಂದ ಒಂದು ಚಕ್ಕೆ ಎಬ್ಬಿಸಿದರು. ಒಳಗೆ ಅರಿಸಿನದಂಥ ಹಳದಿ, ಒಂದು ಹುಳುವಿನ ತೂತೂ ಇರಲಿಲ್ಲ! ಮೂವರೂ ಏರಿಯ ಮೇಲೆ ಕೂತು ಉಸಿರು ಬಿಟ್ಟೆವು. ತಾತ ಬೀಡಿ ಹಚ್ಚಿದ. ಅಪ್ಪನ ಒದ್ದೆ ಕೈ ನನ್ನ ತಲೆಯ ಮೇಲಿತ್ತು. ಅಂಥ ಹಗುರ ನನಗೆ ಉಯ್ಯಾಲೆಯಲ್ಲೂ ಸಿಕ್ಕಿರಲಿಲ್ಲ.

ದಿಮ್ಮಿ ಕೊಯ್ಯಿಸಿ, ಹಲಗೆಗಳನ್ನು ನೆರಳಲ್ಲಿ ಒಣಗಿಸಿ, ನಾಮಕರಣದ ಹೊತ್ತಿಗೆ ತೊಟ್ಟಿಲಾಯಿತು. ಅದರಲ್ಲಿ ಮೊದಲು ಮಗುವನ್ನು ಮಲಗಿಸಲು ಅಪ್ಪ ತಾತನನ್ನೇ ಕರೆದರು.

ಈಗ ನಿಮ್ಮ ಓದುವ ಮೇಜು ರಟ್ಟಿನ ಪೆಟ್ಟಿಗೆಯಲ್ಲಿ ಬರುತ್ತದೆ, ತಿರುಪುಗಳ ಸಮೇತ. ಸಂಜೆಯೊಳಗೆ ನೀವೇ ಜೋಡಿಸಿಬಿಡುತ್ತೀರಿ. ಚೆನ್ನಾಗಿಯೇ ಇದೆ. ಯಾವ ಮರ ಎಂದು ಕೇಳಿದರೆ ಮಾತ್ರ ನಿಮಗೂ ಗೊತ್ತಿಲ್ಲ, ತಂದುಕೊಟ್ಟವನಿಗೂ ಗೊತ್ತಿಲ್ಲ. ಆದರೆ ಅಕ್ಕನ ಮಕ್ಕಳು ಬೆಳೆದ ಮೇಲೆ ನಮ್ಮ ಮನೆಗೇ ಮರಳಿದ ಆ ಹಳದಿ ತೊಟ್ಟಿಲಿನ ಅಂಚಿನಲ್ಲಿ ನಿಮ್ಮೆಲ್ಲರ ಹಾಲುಹಲ್ಲಿನ ಗುರುತು ಇದೆ, ಬೆರಳಾಡಿಸಿ ನೋಡಿ.

ಹೋದ ತಿಂಗಳು ನಿಮ್ಮ ತಂಗಿ ಪುಟ್ಟಿಗಾಗಿ ಅದನ್ನು ಮತ್ತೆ ಕಟ್ಟಿದಾಗ ನಾನು ಸ್ಟೂಲು ಹತ್ತಿ ಹಗ್ಗದ ಗಂಟನ್ನು ಮತ್ತೆ ಮತ್ತೆ ಎಳೆದು ನೋಡಿದೆ. ನೀವು ನಕ್ಕಿರಿ. ಯಾಕೆಂದು ಈಗ ಗೊತ್ತಾಯಿತಲ್ಲ.