ದರ್ಬಾತ್ ಜಲಪಾತದ ಕವಿ

ಮರಳುಗಾಡಿನ ಅಲ್ ಐನ್ ಊರಿನಲ್ಲಿ ಮುಸಬ್ಬಹ್‌ನನ್ನು ಕವಿ ಎಂದು ಕರೆಯದವರಿಲ್ಲ. ಮದುವೆಯಿರಲಿ, ಒಂಟೆ ಓಟದ ಗೆಲುವಿರಲಿ, ಎದ್ದು ನಿಂತು ಗಂಟಲು ಸರಿಮಾಡಿಕೊಂಡು ಪದ್ಯ ಹೇಳುವುದು ಅವನ ಹಕ್ಕು. ನೀರಿನ ಟ್ಯಾಂಕರ್ ಓಡಿಸಿ ನಿವೃತ್ತನಾದವನಿಗೆ ಆ ಹೆಸರೊಂದೇ ಆಸ್ತಿ. ಬೇರೆ ಯಾರಾದರೂ ಚೆನ್ನಾಗಿ ಪದ್ಯ ಹೇಳಿಬಿಟ್ಟರೆ ಆ ರಾತ್ರಿ ಅವನಿಗೆ ಊಟ ಸೇರುತ್ತಿರಲಿಲ್ಲ. ಜೀವದ ಗೆಳೆಯನನ್ನಾಗಿ ಬಖೀತ್‌ನನ್ನು ಆರಿಸಿಕೊಂಡದ್ದೂ ಅದಕ್ಕೇ ಇರಬೇಕು. ಬಖೀತ್ ಒಂಟೆ ಸಂತೆಯಲ್ಲಿ ಮೇವು ಮಾರುವವನು. ಹುಟ್ಟಿದಾಗಿನಿಂದ ಒಂದು ಪ್ರಾಸ ಕೂಡಿಸಿದವನಲ್ಲ.

ಒಂದು ಬೇಸಗೆಯಲ್ಲಿ ಇಬ್ಬರೂ ಗಡಿ ದಾಟಿ ಒಮಾನಿನ ಸಲಾಲಾಕ್ಕೆ ಸೋನೆಮಳೆ ನೋಡಲು ಹೋದರು. ದರ್ಬಾತ್ ಕಣಿವೆಯಲ್ಲಿ ಬಂಡೆಗೋಡೆಯ ಉದ್ದಕ್ಕೂ ನೀರು ಧೋ ಎಂದು ಬೀಳುತ್ತಿತ್ತು. ತುಸು ದೂರದ ಹುಲ್ಲಿನಲ್ಲಿ ಅವರ ಊರಿನವರೇ ನಾಲ್ಕಾರು ಜನ ಚಾಪೆ ಹಾಸಿ ತೊಯ್ಯುತ್ತ ಕೂತಿದ್ದರು. ಇವರನ್ನೂ ಕೂರಿಸಿಕೊಂಡು ಕಾಫಿ ಕೊಟ್ಟರು, ಖರ್ಜೂರ ಕೊಟ್ಟರು.

"ಕವಿಗಳು ಸಿಕ್ಕಿದ್ದೇ ಸಿಕ್ಕಿದ್ದು! ಇದಕ್ಕೊಂದು ಪದ್ಯ ಆಗ್ಲೇಬೇಕು," ಎಂದು ಒಬ್ಬ ಮೊಬೈಲ್ ಎತ್ತಿ ಹಿಡಿದ.

ಮುಸಬ್ಬಹ್ ನೀರನ್ನು ನೋಡಿದ. ತಲೆಗೆ ಬಂದದ್ದು ಅದೇ ಹಳೇ ಚಂದ್ರ, ಅದೇ ಜಿಂಕೆಯ ಕಣ್ಣು. ಅವನು ಗಂಟಲು ಸರಿಮಾಡಿಕೊಳ್ಳುತ್ತಲೇ ಇದ್ದ. ಅಷ್ಟರಲ್ಲಿ ಪಕ್ಕದಲ್ಲಿದ್ದ ಬಖೀತ್ ಮುಖದ ಮೇಲಿನ ಹನಿ ಒರೆಸಿಕೊಂಡು, ತನ್ನಷ್ಟಕ್ಕೆ ಎಂಬಂತೆ ಹೇಳಿದ:

ಯಾರ ಮಕ್ಕಳೆಂದು ಕೇಳದೆ ಸುರಿಯುತಿದೆ ಬೆಟ್ಟ,
ತೊಟ್ಟು ನೀರಿಗೆ ಬಡಿದಾಡಿದ ನಾವು ತೊಯ್ದು ನಿಂತಿದ್ದೇವೆ.

ಕೂತಿದ್ದವರೆಲ್ಲ "ಇನ್ನೊಂದ್ಸಲ! ಇನ್ನೊಂದ್ಸಲ!" ಎಂದು ಚಾಪೆಯೇ ಹಾರುವಂತೆ ಕೂಗಿದರು.

ಮುಸಬ್ಬಹ್ ಕೈಲಿದ್ದ ಖರ್ಜೂರವನ್ನು ತಟ್ಟೆಗೇ ಹಾಕಿದ. ಇಡೀ ಆಯುಷ್ಯ ತಡಕಾಡಿದರೂ ತನಗೆ ಸಿಗದ ಸಾಲು ಈ ಮೇವಿನವನಿಗೆ ಬಿಟ್ಟಿ ಸಿಕ್ಕಿತಲ್ಲ! ಸಾಲದ್ದಕ್ಕೆ, ಅವರ ರೂಢಿಯಂತೆ ಒಬ್ಬ ಪದ್ಯ ಹೇಳಿದರೆ ಕವಿಯಾದವನು ಅದೇ ಪ್ರಾಸದಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ ಸೋತ ಹಾಗೆ. ಎಲ್ಲರೂ ಅವನ ಕಡೆಗೇ ತಿರುಗಿ ಕೂತರು.

ಆ ಹೊತ್ತಿಗೆ ಅವರಲ್ಲೊಬ್ಬ ಮುದುಕ ನಕ್ಕ. "ಲೋ ಬಖೀತ್, ಮೇವು ತೂಗೋನಿಗೆ ಇದೆಲ್ಲಾ ಎಲ್ಲಿಂದ ಬರ್ಬೇಕೋ? ನಿನ್ನ ಗೆಳೆಯ ಕಟ್ಟಿದ್ದು ತಾನೆ? ನಿಜ ಹೇಳು!"

ಬಖೀತ್ ಗೆಳೆಯನ ಮುಖ ನೋಡಿದ. 'ನನ್ನದಲ್ಲ' ಎನ್ನಲು ಮುಸಬ್ಬಹ್‌ನಿಗೆ ಒಂದು ಉಸಿರು ಸಾಕಿತ್ತು. ಅವನು ಕಾಫಿ ಬಟ್ಟಲಿನೊಳಗೆ ನೋಡುತ್ತ ಕೂತ.

"ಮತ್ತಿನ್ಯಾರ್ದು? ಇವನ್ದೇ," ಎಂದ ಬಖೀತ್. "ದಾರೀಲಿ ಹೇಳಿದ್ದ, ನಾನು ಕದ್ದೆ ಅಷ್ಟೆ."

ಇವರು ಊರು ಮುಟ್ಟುವ ಮೊದಲೇ ಆ ವಿಡಿಯೊ ಊರು ಮುಟ್ಟಿತ್ತು. ದಾರಿಯುದ್ದಕ್ಕೂ ಮುಸಬ್ಬಹ್‌ನಿಗೆ ಅಭಿನಂದನೆಯ ಫೋನು. ಒಂದೊಂದಕ್ಕೂ "ದೇವರ ದಯೆ" ಎನ್ನುತ್ತಿದ್ದ. ಗಾಡಿ ಓಡಿಸುತ್ತಿದ್ದ ಬಖೀತ್ ಮುಖದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಅದೇ ಇವನನ್ನು ಇನ್ನಷ್ಟು ಉರಿಸಿತು.

ಮರಳು ಶುರುವಾದ ಮೇಲೆ ಬಖೀತ್ ನಾಚಿಕೊಂಡು ಹೇಳಿದ: "ಇನ್ನೊಂದು ಬಂದಿದೆ ಕಣೋ. ಹೇಳ್ಲಾ? ನಗಬಾರ್ದು."

"ಹೇಳು."

ಹೇಳಿದ. ಮೊದಲಿನದ್ದನ್ನು ನಾಚಿಸುವಂತಿತ್ತು. ಮುಸಬ್ಬಹ್‌ನ ಮೈ ಜುಮ್ಮೆಂದಿತು. ಕಿಟಕಿಯ ಕಡೆ ಮುಖ ಮಾಡಿ, "ತಾಳ ತಪ್ಪಿದೆ," ಎಂದ. "ಮೊದಲ್ನೇದು ಏನೋ ಅದೃಷ್ಟಕ್ಕೆ ಬಂತು. ಇದನ್ನ ಜನರ ಮುಂದೆ ಹೇಳ್ಬೇಡ, ನಗ್ತಾರೆ."

"ಹೌದಾ? ನೀನು ಹೇಳಿದ್ಮೇಲೆ ಮುಗೀತು ಬಿಡು," ಎಂದು ಬಖೀತ್ ಜೋರಾಗಿ ನಕ್ಕು ರೇಡಿಯೊ ಹಾಕಿದ.

ಆಮೇಲೆ ಅವನು ಪದ್ಯದ ಸುದ್ದಿಗೇ ಹೋಗಲಿಲ್ಲ. ಆ ಎರಡನೆಯದು ಅವನಿಗೆ ಮರೆತೇ ಹೋಗಿದೆ. ಮುಸಬ್ಬಹ್‌ನಿಗೆ ಮಾತ್ರ ಇವತ್ತಿಗೂ ಅದು ಅಕ್ಷರ ಬಿಡದೆ ಬಾಯಿಪಾಠ. ತಾನೇ ತಾಳ ತಪ್ಪಿದೆ ಎಂದದ್ದನ್ನು ಯಾರ ಮುಂದೆಯೂ ಹೇಳುವಂತಿಲ್ಲ.