ಬೀಗರು ಉಂಡ ಟೊಮೆಟೊ ಔಷಧಿ

ಬೀಗರು ಎರಡನೇ ಸೌಟು ಕೇಳಿದಾಗಲೇ ನನಗೆ ಗೊತ್ತಾಗಿದ್ದು, ಅವರು ಅನ್ನಕ್ಕೆ ಕಲೆಸಿಕೊಂಡು ಉಣ್ಣುತ್ತಿರುವುದು ತಂಬುಳಿಯಲ್ಲ, ನಾನು ಟೊಮೆಟೊ ಗಿಡದ ಹುಳಕ್ಕೆ ಮಾಡಿಟ್ಟ ಔಷಧಿ ಎಂದು!

ಲಕ್ಕಿ ಸೊಪ್ಪು, ಬೆಳ್ಳುಳ್ಳಿ, ಸೂಜಿಮೆಣಸು ರುಬ್ಬಿ, ಹುಳಿ ಮಜ್ಜಿಗೆಗೆ ಬೆರೆಸಿ, ಸೋಸಿ, ಅಡುಗೆಮನೆ ಕಟ್ಟೆಯ ಮೇಲಿಟ್ಟು ಸ್ಪ್ರೇ ಕ್ಯಾನ್ ತೊಳೆಯಲು ಹೋಗಿದ್ದೆ. ನಮ್ಮ ಹೊಸನಗರದ ಕಡೆ ಕಣ್ಣಿಗೆ ಬಿದ್ದ ಸೊಪ್ಪನ್ನೆಲ್ಲ ತಂಬುಳಿ ಮಾಡುತ್ತೇವಲ್ಲ, ಇದೂ ಅಂಥದ್ದೇ ಇರಬೇಕೆಂದು ಅತ್ತೆ ಉಪ್ಪು ಹಾಕಿ, ಜೀರಿಗೆ ಒಗ್ಗರಣೆ ಕೊಟ್ಟು ಬಡಿಸಿಬಿಟ್ಟಿದ್ದರು.

ಮಗಳ ಮದುವೆಯಾದ ಮೇಲೆ ಅವಳ ಮಾವ ತುಮರಿಯಿಂದ ನಮ್ಮಲ್ಲಿಗೆ ಊಟಕ್ಕೆ ಬಂದದ್ದು ಅದೇ ಮೊದಲು. ಅವರ ಹಣೆಯಲ್ಲಿ ಬೆವರು, ಮೂಗಿನಲ್ಲಿ ನೀರು.

“ಎಂತ ಸೊಪ್ಪಿಂದು ಅಕ್ಕಾ ಇದು? ಇಂಥಾ ತಂಬುಳಿ ನಾ ಉಂಡೇ ಇರ್ಲಿಲ್ಲ. ಹಾಕಿ, ಹಾಕಿ!”

ನಿಜ ಹೇಳಲು ಬಾಯಿ ತೆರೆದೆ. ಯಜಮಾನರು ಕಣ್ಣಲ್ಲೇ ತಡೆದರು. ಇನ್ನೊಂದು ಸೌಟು ಬಡಿಸಿದೆ.

ಮರುದಿನ ಬೆಳಿಗ್ಗೆ ಹೆದರುತ್ತಲೇ ಫೋನ್ ಮಾಡಿದೆ. ಬೀಗರೇ ಎತ್ತಿದರು. “ತಿಂಗಳಿಂದ ಇದ್ದ ಶೀತ ಒಂದೇ ಊಟಕ್ಕೆ ಓಡಿಹೋಯ್ತು ಮಾರಾಯ್ರೆ! ಮಾಡೋದ್ ಹೆಂಗೆ, ಹೇಳಿ.” ಎಲ್ಲವನ್ನೂ ಹೇಳಿದೆ, ಹುಳದ ವಿಷಯವೊಂದನ್ನು ಬಿಟ್ಟು.

ಮೊನ್ನೆ ನಾವು ತುಮರಿಗೆ ಹೋದಾಗ, ನಮಗೆಂದೇ ಅದನ್ನು ಮಾಡಿಸಿದ್ದರು. ಕಣ್ಣೀರು ಒರೆಸಿಕೊಳ್ಳುತ್ತ ಉಂಡೆ. ಎರಡನೇ ಸೌಟು ಬಂದಾಗಲೂ ಬೇಡವೆನ್ನಲು ಬಾಯಿ ಬರಲಿಲ್ಲ. ಈಗ ಟೊಮೆಟೊ ಗಿಡಕ್ಕೆ ಔಷಧಿ ಹೊಡೆಯುವಾಗಲೆಲ್ಲ, ಎಲೆ ಬಿಟ್ಟು ಓಡುವ ಹುಳಗಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.